ಎಸ್ತರಕ್ಕ ಮತ್ತು ಕಾಲು ತೊಳೆಯುವ ನೀರು

ಎಸ್ತರಕ್ಕ ಬೈಬಲ್ ಓದುತ್ತಿದ್ದಳೋ, ಅದರೊಳಗಿನವರ ಜೊತೆ ಜಗಳಕ್ಕೆ ಕೂತಿದ್ದಳೋ, ಹೇಳುವುದು ಕಷ್ಟ. ಸಾಸ್ವೆಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ನರ್ಸಾಗಿದ್ದು ರಿಟೈರಾದವಳು. ಸಂಜೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಜೋರಾಗಿ ಓದುವಳು. ನಡುವೆ ನಿಲ್ಲಿಸಿ, "ಅಯ್ಯೋ ಪೇತ್ರ, ನಿನಗೆ ಬುದ್ಧಿ ಯಾವಾಗ ಬರ್ತದೋ" ಎಂದು ಬೈಯುವಳು. ಪೇತ್ರ ಯೇಸುವಿನ ಶಿಷ್ಯನೆಂದು ಗೊತ್ತಿಲ್ಲದೆ, ಅವಳ ಅಳಿಯನಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ನನಗೆ ಓದು ಅಷ್ಟಕ್ಕಷ್ಟೆ. ಅದಕ್ಕೇ ಕೇಳುತ್ತಾ ಕೂರುತ್ತಿದ್ದೆ.

ಒಂದು ಸಂಜೆ ಮದುವೆಮನೆ ಕತೆ ಬಂತು. ದ್ರಾಕ್ಷಾರಸ ಮುಗಿದುಹೋಯಿತಂತೆ. ಬಂದವರು ಕೈಕಾಲು ತೊಳೆಯಲೆಂದು ಇಟ್ಟ ಕಲ್ಲಿನ ಬಾನಿಗಳಿಗೆ ಯೇಸು ನೀರು ತುಂಬಿಸಿದನಂತೆ. ಮೊಗೆದು ಕೊಟ್ಟರೆ ಅದೇ ನೀರು ದ್ರಾಕ್ಷಾರಸ.

"ಅಂದ್ರೆ ಹೆಂಡಾನೇ ಅಲ್ವೇನಕ್ಕ?"

"ಹೂಂ ಕಣೆ."

"ನಿಮ್ ದೇವ್ರಿಗೆ ಬ್ಯಾರೆ ಕೆಲ್ಸ ಇರ್ಲಿಲ್ವಾ? ಇಲ್ಲಿ ಹೆಂಡ ಬಿಡಿಸಾಕೆ ನಾವು ಸಾಯ್ತಿದ್ರೆ, ನೀರನ್ನೂ ಬಿಡ್ಲಿಲ್ಲ!"

ಎಸ್ತರಕ್ಕ ನಕ್ಕ ನಗೆಗೆ ಮೊರದ ಕಾಳೆಲ್ಲ ಚೆಲ್ಲಿದವು.

ನನಗೆ ಮೈ ಉರಿಯಲು ಕಾರಣವಿತ್ತು. ಮಗ ಹಾಲೇಶ ಕುಡಿತ ಬಿಟ್ಟು ವರ್ಷವಾಗಿತ್ತು, ನಾನು ನಂಬಿರಲಿಲ್ಲ. ಮನೆಗೆ ಬಂದ ಕೂಡಲೇ ಅವನ ಬಾಯಿ ಮೂಸುತ್ತಿದ್ದೆ. ತಲೆ ನೆರೆಯುತ್ತಿದ್ದ ಗಂಡಸು ನನ್ನೆದುರು ಬಾಯಿ ತೆರೆದು ನಿಲ್ಲುತ್ತಿದ್ದ. ಆಗ ನನ್ನ ಮಗಳ ಮಗಳಿಗೆ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಹುಡುಗಿಯನ್ನು ಸೋದರಮಾವನೇ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಹಾಲೇಶ ಬೇಡ, ಕೆರೆಬಿಳಚಿಯ ನೆಂಟನೊಬ್ಬ ವರಸೆಯಲ್ಲಿ ಮಾವನಾಗಬೇಕು, ಅವನೇ ತರಲಿ ಎಂದಿದ್ದೆ. ಹಾಲೇಶ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗಿದ್ದ.

ಕಾಳು ಬಳಿಯುತ್ತಾ ಎಸ್ತರಕ್ಕ ಹೇಳಿದಳು: "ಇದು ಹೆಂಡದ ಕತೆ ಅಲ್ಲ ಕಣೆ ಗಂಗಮ್ಮ, ಮನುಷ್ಯ ಒಳಗೆ ಬದ್ಲಾಗೋ ಕತೆ. ಕಾಲು ತೊಳಿಯಾಕೆ ಇಟ್ಟ ನೀರು ಅದು, ಯಾರೂ ಬಾಯಿಗೆ ಹಾಕ್ಕಳಲ್ಲ. ಯಾವಾಗ ಬದ್ಲಾತು ಅಂತ ಯಾರೂ ಕಣ್ಣಲ್ಲಿ ನೋಡ್ಲಿಲ್ಲ. ಮೊಗೆದು ಕುಡಿದಾಗ್ಲೇ ಗೊತ್ತಾಗಿದ್ದು. ನೀನು ಮೊಗಿಯಾಕೇ ಒಲ್ಲೆ. ಬರೀ ಮೂಸ್ತಾ ನಿಂತೀಯ."

"ನಮ್ಮನಿ ಸುದ್ದಿ ನಿನಗ್ಯಾಕೆ?" ಎಂದು ಸೆರಗು ಕೊಡವಿ ಎದ್ದುಬಂದೆ. ಆ ರಾತ್ರಿ ಅವಳೇ ಅವರೆಕಾಳು ಸಾರು ಕಳಿಸಿದಳು. ಉಂಡೆ. ಸಾರಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಮದುವೆಯ ದಿನ ಮುಹೂರ್ತದ ಹೊತ್ತಿಗೆ ಕೆರೆಬಿಳಚಿಯವನು ರೇಷ್ಮೆ ಶಲ್ಯ ಹೊದ್ದು ತಯಾರಾಗಿದ್ದ. ಹಾಲೇಶ ಅಡುಗೆಯವರ ಜೊತೆ ಅನ್ನದ ಪಾತ್ರೆ ಹೊರುತ್ತಿದ್ದ. ಏನಾಯಿತೋ ನನಗೆ, ನೆಟ್ಟಗೆ ಅವನ ಹತ್ತಿರ ಹೋದೆ.

"ಲೇ, ಅದನ್ನ ಅಲ್ಲಿಳಿಸು. ಹುಡುಗೀನ ಎತ್ಕಂಡು ಬಾ."

"ಮೂಸಲ್ವೇನವ್ವ?"

"ಹೋಗಲೇ, ಮುಹೂರ್ತ ಮೀರ್ತದೆ!"

ಎತ್ತಿಕೊಂಡು ಬಂದ. ಹುಡುಗಿ ದಪ್ಪ, ಅವನು ಬೆವೆತುಹೋದ. "ಮಾವ, ಬೀಳಿಸಬ್ಯಾಡ!" ಎಂದು ಅವಳು ಕೂಗಿದರೆ ಮಂಟಪವೇ ನಕ್ಕಿತು. ಕೆರೆಬಿಳಚಿಯವನು ಮುನಿಸಿಕೊಂಡ, ಹೋಳಿಗೆ ಬಡಿಸಿದ ಮೇಲೆ ಸರಿಹೋದ.

ಎಸ್ತರಕ್ಕ ಆಮೇಲೆ ಜಗಳೂರಿಗೆ, ಮಗಳ ಮನೆಗೆ ಹೋದಳು. ಕಾಯಿಲೆ ಎಂದು ತಿಳಿದು ನೋಡಲು ಹೋದೆ. ಹಾಸಿಗೆಗೆ ಅಂಟಿಕೊಂಡಿದ್ದಳು.

"ನೀ ಹೇಳಿದ್ದು ನಿಜ ಅಕ್ಕ. ಹಾಲೇಶ ಬದ್ಲಾದ," ಎಂದೆ.

"ಅವನು ಯಾವಾಗ್ಲೋ ಬದ್ಲಾಗಿದ್ನಲ್ಲೇ," ಎಂದಳು. "ನಾನು ಅವತ್ತು ಓದಿದ್ದು ನಿನ್ ಕತೆ."

"ಸುಮ್ನೆ ಮಲಕ್ಕಳೇ ಮುದುಕಿ!" ಎಂದೆ.

ಇಬ್ಬರೂ ಎಷ್ಟು ನಕ್ಕೆವೆಂದರೆ, ತಾಯಿಗೆ ಏನೋ ಆಯಿತೆಂದು ಮಗಳು ಒಲೆ ಬಿಟ್ಟು ಓಡಿಬಂದಳು. ಆಮೇಲೆ ನಾನು ಎಸ್ತರಕ್ಕನನ್ನು ನೋಡಲಿಲ್ಲ.