ಕೆಂಚಿಗೆ ಹಾಕಿದ ಒಬ್ಬಟ್ಟು

ಕೆಂಚಿಯನ್ನು ಕೊಂದವಳು ನಾನು, ಹೊನ್ನಣ್ಣ. ಹೊಸತೊಡಕಿನ ದಿನ ಬೆಳಗ್ಗೆ, ಅಣ್ಣ ಏಳುವ ಮುಂಚೆ, ಹಿತ್ತಿಲಲ್ಲಿ ಅದಕ್ಕೆ ಹೊಟ್ಟೆ ತುಂಬ ಒಬ್ಬಟ್ಟು ಹಾಕಿದವಳು ನಾನು. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಈಗ ಆಡುತ್ತಿದ್ದೇನೆ — ಕೇಳಬೇಕಾದ ನೀನೇ ಇಲ್ಲ. ಹೋದ ತಿಂಗಳು ಕುಣಿಗಲ್‌ನಲ್ಲಿ ನೀನು ತೀರಿಕೊಂಡ ಸುದ್ದಿ ತುಮಕೂರಿನ ಈ ಮನೆಗೆ ಬಂದಾಗ ನನಗೆ ಮೊದಲು ಆದದ್ದು, ಬರೆಯಲು ನಾಚಿಕೆಯಾಗುತ್ತದೆ, ನಿರಾಳ. ಇನ್ನು ಆ ಮನುಷ್ಯನ ಮುಖ ನೋಡುವ ಪಾಡಿಲ್ಲವಲ್ಲ ಎಂಬ ನಿರಾಳ. ಆಮೇಲೆ ನನ್ನನ್ನು ಕಂಡರೆ ನನಗೇ ಭಯವಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಕೆಂಚಿ ನಮ್ಮ ಮನೆಯ ಬೇಟೆನಾಯಿ, ಮುಧೋಳ ತಳಿಯದು. ಆ ಕಡೆಗೆ ಯಾರದೋ ಲಾರಿ ಹತ್ತಿ ಹೋಗಿದ್ದ ನೀನು ಎರಡು ಮರಿ ತಂದೆ. ಒಂದನ್ನು ನೀನಿಟ್ಟುಕೊಂಡು ಇನ್ನೊಂದನ್ನು ನಿನ್ನ ಗೆಳೆಯ, ನನ್ನ ಅಣ್ಣ ರಂಗಸ್ವಾಮಿಗೆ ಕೊಟ್ಟೆ. ಗುಬ್ಬಿಗೆ ನಡೆದುಹೋಗುವಷ್ಟು ಹತ್ತಿರದ ನಮ್ಮ ಊರಿನಲ್ಲಿ ಅಂಥ ನಾಯಿಯನ್ನು ಯಾರೂ ನೋಡಿರಲಿಲ್ಲ. ಉದ್ದ ಮುಖ, ಕಡ್ಡಿ ಕಾಲು, ಹಿಡಿಯೊಳಗೆ ಸಿಕ್ಕುವ ಸೊಂಟ. ಪಕ್ಕೆಯ ಮೂಳೆ ಒಂದೊಂದೂ ಎಣಿಸಬಹುದು. ನೀನು ದಿನಾ ಸಂಜೆ ಬಂದು ಜಗಲಿಯ ಮೇಲೆ ಕೂತು ಅದರ ಪಾದಕ್ಕೆ ಹರಳೆಣ್ಣೆ ತಿಕ್ಕುತ್ತ ಅಣ್ಣನಿಗೆ ಪಾಠ ಹೇಳುತ್ತಿದ್ದೆ. ಇದು ಮೂಗು ನಂಬುವ ನಾಯಿಯಲ್ಲ, ಕಣ್ಣು ನಂಬುವ ನಾಯಿ. ಬಯಲಲ್ಲಿ ಬಿಟ್ಟು ಓಡಿಸು. ಮೈಮೇಲೆ ಕೂದಲಿಲ್ಲ, ಚಳಿಗೆ ಗೋಣಿತಾಟು ಹಾಸು. ಸದಾ ಕಟ್ಟಿ ಹಾಕಬೇಡ.

"ಕೈ ಮಾತ್ರ ಎತ್‌ಬ್ಯಾಡ ಕಣ್ಲಾ ರಂಗ. ಒಂದ್ಸಲ ಹೊಡುದ್ರೆ ಜನ್ಮಕ್ಕೂ ನಿನ್ನ ನಂಬಾಕಿಲ್ಲ ಇದು," ಎನ್ನುತ್ತಿದ್ದೆ. ಇನ್ನೊಂದು ಮಾತನ್ನೂ ಹೇಳಿದ್ದೆ, ನಾನು ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಾಗ: "ಓಡ್ಸೋ ದಿನ ಏನೂ ಹಾಕ್‌ಬಾರ್ದು. ಇದ್ರ ಎದೆಗೂಡು ಆಳ. ಹೊಟ್ಟೆ ಒಳಗೆ ತೊಟ್ಲು ಥರ ತೂಗಾಡ್ತದೆ. ತುಂಬ್ಕೊಂಡು ಓಡುದ್ರೆ ತಿರುಚ್ಕೊಂಡ್‌ಬಿಡ್ತದೆ."

ಕೇಳಿಸಿಕೊಂಡಿದ್ದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ನಂಬಲಿಲ್ಲ, ಅಷ್ಟೇ. ಗಂಡಸರಿಗೆ ನಾಯಿಯನ್ನು ಉಪವಾಸ ಕೆಡವಲು ಒಂದು ನೆಪ ಎಂದುಕೊಂಡೆ. ನನಗಾಗ ಹತ್ತೊಂಬತ್ತು ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಎಲ್ಲರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಬ ಬೇರೆ. ಬೋರ್‌ವೆಲ್ ಹತ್ತಿರ ಹೆಂಗಸರು, "ಏನ್ ಜಯ, ನಿಮ್ಮನೇಲಿ ನಾಯಿಗೆ ಅನ್ನ ಹಾಕಾಕಿಲ್ವಾ?" ಎಂದು ನಗುತ್ತಿದ್ದರು. ಆ ನಗು ನನಗೆ ಚುಚ್ಚುತ್ತಿತ್ತು.

ಕರುಣೆಯಿಂದ ಹಾಕಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಅದೂ ಪೂರ್ತಿ ನಿಜವಲ್ಲ. ಕೆಂಚಿ ನಿನ್ನ ಹೆಜ್ಜೆ ಸದ್ದು ಕೇಳಿದರೆ ಕುಣಿಯುತ್ತಿತ್ತು, ಅಣ್ಣ ಕರೆದರೆ ಓಡುತ್ತಿತ್ತು. ನಾನು ಕರೆದರೆ ಮುಖ ತಿರುಗಿಸಿ ಮಲಗುತ್ತಿತ್ತು. ಅದರ ಜಾಗ ಗುಡಿಸುವವಳು ನಾನು, ನೀರಿಡುವವಳು ನಾನು — ಒಂದು ಸಲವಾದರೂ ಅದು ನನ್ನ ಹಿಂದೆ ಬರಲಿ ಎಂಬ ಆಸೆ. ಹಾಳು ಆಸೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಮೊಲದ ಬೇಟೆ ಕಾನೂನಿಗೆ ತಪ್ಪು ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಹೊಸತೊಡಕಿನ ಸಾರಿಗೆ ಬೇಟೆಯದೇ ಆಗಬೇಕು ಎಂಬ ಹಟವನ್ನು ಯಾರೂ ಬಿಟ್ಟಿರಲಿಲ್ಲ. ಹಿಂದಿನ ಸಂಜೆಯಿಂದ ಕೆಂಚಿಗೆ ಏನೂ ಹಾಕಿರಲಿಲ್ಲ. ಬೆಳಗಾಗೆದ್ದು ಹಿತ್ತಿಲಿಗೆ ಹೋದರೆ ನನ್ನನ್ನೇ ನೋಡಿತು. ಹಬ್ಬದ ಒಬ್ಬಟ್ಟು ಮಿಕ್ಕಿತ್ತು. ಹಾಲಿನಲ್ಲಿ ಕಿವುಚಿ ಬೋಗುಣಿ ತುಂಬ ಇಟ್ಟೆ. ತಿಂದಿತು, ಬೋಗುಣಿ ನೆಕ್ಕಿತು, ಮೇಲೆ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯಿತು. ಆಮೇಲೆ ಬಂದು ನನ್ನ ಲಂಗಕ್ಕೆ ಮೂತಿ ಒರೆಸಿತು. ನನಗೆ ಎಷ್ಟು ಖುಷಿಯಾಯಿತು ಎಂದರೆ — ಬೋಗುಣಿಯನ್ನು ತೊಳೆದು ಬೋರಲು ಹಾಕಿದೆ. ಗುಟ್ಟು ನಮ್ಮಿಬ್ಬರದೇ ಎಂದುಕೊಂಡೆ.

ಬಿಸಿಲೇರುವ ಹೊತ್ತಿಗೆ ನೀನೂ ಅಣ್ಣನೂ ಅದನ್ನು ಗೋಣಿಯಲ್ಲಿ ಹೊತ್ತು ತಂದಿರಿ. ಮೊಲದ ಹಿಂದೆ ಒಂದು ಹೊಲ ದಾಟುವಷ್ಟರಲ್ಲಿ ಬಿದ್ದಿತಂತೆ. ಹೊಟ್ಟೆ ಉಬ್ಬಿತ್ತು. ವಾಂತಿಗೆ ಒದ್ದಾಡುತ್ತಿತ್ತು, ಏನೂ ಬರುತ್ತಿರಲಿಲ್ಲ, ಬರೀ ಜೊಲ್ಲು. ನೀನು ಹೊಟ್ಟೆಯ ಮೇಲೆ ಬೆರಳಿಂದ ಬಡಿದು ನೋಡಿ ತಲೆಯೆತ್ತಿದೆ.

"ತಮಟೆ ಆಗ್ಯದಲ್ಲೋ ರಂಗ. ಏನಾರ ತಿನ್ಸಿದ್ರಾ?"

"ನೆನ್ನೆ ಸಂಜೆಯಿಂದ ಒಂದ್ ತುತ್ತೂ ಹಾಕಿಲ್ಲ ಕಣಣ್ಣ," ಎಂದ ಅಣ್ಣ.

ನೀನು ನನ್ನ ಕಡೆ ನೋಡಿದೆ. "ನೀನೇನಾರ ಹಾಕಿದ್ಯಾ ಜಯ?"

"ಇಲ್ಲ," ಎಂದೆ.

ಒಂದೇ ಮಾತು. ಅಣ್ಣನ ಕೆಂಪು ಕಣ್ಣು ಕಂಡು ಹೆದರಿದೆ, ನಿಜ. ಆದರೆ ಒಂದು ಏಟು ತಿಂದಿದ್ದರೆ ನಾನೇನು ಸಾಯುತ್ತಿರಲಿಲ್ಲ. ನಾನು ಇಲ್ಲ ಎಂದದ್ದರಿಂದ ಅದು ವಿಷವೇ ಎಂದಾಯಿತು. ಸುತ್ತ ನೆರೆದವರು ಕಕ್ಕಿಸಿ ಎಂದರು. ಅಣ್ಣ ಹುಣಸೆಹುಳಿ ಕದಡಿದ ನೀರನ್ನು ಚೊಂಬುಗಟ್ಟಲೆ ಅದರ ಗಂಟಲಿಗೆ ಹೊಯ್ದ. "ಬ್ಯಾಡ ಕಣ್ಲಾ, ಉಬ್ಬಿರೋ ಹೊಟ್ಟೆಗೆ ಹುಯ್‌ಬ್ಯಾಡ," ಎಂದು ನೀನು ಕೈ ಹಿಡಿದರೆ ದಬ್ಬಿದ. ಗುಬ್ಬಿಯ ದನದ ಆಸ್ಪತ್ರೆಗೆ ಒಯ್ಯೋಣ ಎಂದರೆ ಎಲ್ಲಿ ಓಡುತ್ತಿತ್ತು, ಯಾಕೆ ಓಡುತ್ತಿತ್ತು ಎಂದು ಕೇಳುತ್ತಾರೆಂಬ ಭಯ. ಮಧ್ಯಾಹ್ನದೊಳಗೆ ಸತ್ತಿತು. ಸಾಯುವ ಸ್ವಲ್ಪ ಮುಂಚೆ ನನ್ನನ್ನು ಕಂಡು ಬಾಲದ ತುದಿ ಅಲ್ಲಾಡಿಸಿತು. ಅದಕ್ಕೆ ಮುಂಚೆ ಯಾವತ್ತೂ ನನ್ನನ್ನು ಕಂಡು ಬಾಲ ಆಡಿಸಿರಲಿಲ್ಲ.

ಎರಡು ದಿನದ ಹಿಂದೆ ನೀನು ಜಂತುಹುಳಕ್ಕೆಂದು ಅರ್ಧ ಮಾತ್ರೆಯನ್ನು ಬೆಲ್ಲದಲ್ಲಿ ಇಟ್ಟು ಅದಕ್ಕೆ ನುಂಗಿಸಿದ್ದೆ. ಅಣ್ಣನಿಗೆ ಅದು ನೆನಪಾಯಿತು. ಕೆಂಚಿಯ ಮೊದಲ ಸೂಲಿನ ಮರಿಯೊಂದನ್ನು ನೀನು ಕೇಳಿದ್ದು, ಅವನು ಕೊಡಲ್ಲ ಎಂದದ್ದು ನೆನಪಾಯಿತು. ಆ ದಿನ ಮೊಲ ಸಿಕ್ಕಿದ್ದು ನಿನ್ನ ನಾಯಿಗೆ ಎಂಬುದೂ ಸೇರಿತು. ಸಂಜೆಯೊಳಗೆ ಊರೆಲ್ಲ ಹೊನ್ನಪ್ಪನೇ ಹೊಟ್ಟೆಕಿಚ್ಚಿಗೆ ವಿಷ ಹಾಕಿದ ಎಂದಿತು.

ಊರಮ್ಮನ ಗುಡಿಯಲ್ಲಿ ಆಣೆ ಮಾಡು ಎಂದರು. ನೀನು ಒದ್ದೆ ಬಟ್ಟೆಯಲ್ಲಿ ಬಂದು, "ನಾನು ಕೊಟ್ಟಿದ್ರಿಂದ ಆ ನಾಯಿ ಸತ್ತಿದ್ರೆ ನನ್ ಮನೆ ದೀಪ ಆರೋಗ್ಲಿ," ಎಂದು ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಮುಚ್ಚಿ ಆರಿಸಿದೆ. ನಾನು ಹೆಂಗಸರ ಸಾಲಿನಲ್ಲಿದ್ದೆ. ನಿನ್ನ ಹೆಂಡತಿ ಪುಟ್ಟಕ್ಕ ನನ್ನ ಪಕ್ಕದಲ್ಲೇ, ಮಗಳು ಸಾವಿತ್ರಿಯನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದಳು. ಆ ಮಗು ನನ್ನ ಜಡೆ ಹಿಡಿದು ಎಳೆಯುತ್ತಿತ್ತು.

ಆ ಮಳೆಗಾಲದಲ್ಲಿ ಸಾವಿತ್ರಿಗೆ ಜ್ವರ ಬಂತು. ಮೆದುಳಿಗೆ ಏರಿತು ಎಂದರು. ತುಮಕೂರಿನ ದೊಡ್ಡಾಸ್ಪತ್ರೆಗೆ ಒಯ್ದು ಮೂರನೇ ದಿನಕ್ಕೆ ಹೆಣ ತಂದಿರಿ. ಊರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ — ಆಣೆ ಸುಳ್ಳು, ಅಮ್ಮ ಕೇಳಿದ್ದನ್ನು ತಗೊಂಡಳು. ಜ್ವರಕ್ಕೂ ಆಣೆಗೂ ಸಂಬಂಧವಿಲ್ಲ ಎಂದು ಆ ಊರಿನಲ್ಲಿ ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳು. ನಾನೂ ಮಣ್ಣಿಗೆ ಬಂದು, ಅತ್ತು, ಮನೆಗೆ ಹೋದೆ. ನೀನು ನಿನ್ನ ನಾಯಿಯನ್ನು ಬೆಳ್ಳಾವಿಯ ಯಾರಿಗೋ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ, ಚಿಕ್ಕ ವಯಸ್ಸು, ಹೆದರಿಕೆ ಎಂದು ಏನಾದರೂ ಹೇಳಿಕೊಳ್ಳುತ್ತಿದ್ದೆನೋ ಏನೋ. ನಿಲ್ಲಲಿಲ್ಲ.

ಮದುವೆಯಾಗಿ ನಾನು ಮೊದಲು ಕುಣಿಗಲ್ ಸೇರಿದೆ, ತುಮಕೂರಿಗೆ ಬಂದದ್ದು ಆಮೇಲೆ. ಎಷ್ಟೋ ವರ್ಷದ ಮೇಲೆ ಕುಣಿಗಲ್‌ನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನೀನು ಕಂಡೆ. ಇಟ್ಟಿಗೆ ಗೂಡಿನಲ್ಲಿ ವಾಚ್‌ಮನ್ ಆಗಿದ್ದೇನೆ ಎಂದು ನೀನು ಹೇಳಿದೆ. ಕಾವಲಿಗೆ ಒಂದು ನಾಯಿಯಿದೆಯಾ ಎಂದು ನಾನು ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿದೆ. ಪುಟ್ಟಕ್ಕ ಹೇಗಿದ್ದಾಳೆ ಎಂದದ್ದಕ್ಕೆ, "ಅಡ್ಗೆ ಮಾಡಿಡ್ತಾಳೆ. ಮಾತಿಲ್ಲ. ಮಗು ಹೋದಾಗಿಂದ ಮಾತಿಲ್ಲ," ಎಂದೆ. ಆಮೇಲೆ ಜೇಬಿನಿಂದ ಎಲೆ-ಸುಣ್ಣದ ಡಬ್ಬಿ ತೆಗೆದು, ಮಡಿಸಿದ ಕಾಗದ ಬಿಚ್ಚಿದೆ. ಒಳಗೆ ಅಂದು ಕೆಂಚಿಗೆ ಕೊಟ್ಟು ಉಳಿದ ಅರ್ಧ ಮಾತ್ರೆ. ಹಳದಿ ತಿರುಗಿ ಅಂಚು ಉದುರಿತ್ತು.

"ನೀನು ಓದಿದೋಳು ಕಣವ್ವ. ನಾನು ವಿಷ ಅಂತ ಕೊಡ್ಲಿಲ್ಲ, ದೇವ್ರಾಣೆ. ಆದ್ರೆ ಈ ಮಾತ್ರೇಲೇ ಏನಾರ ಇತ್ತಾ? ನಂಗೇ ತಿಳೀದಂಗೆ ನಾನೇ ಸಾಯ್ಸಿ, ಸುಳ್ಳಾಣೆ ಮಾಡ್‌ಬಿಟ್ನಾ? ಅದ್ಕೇ ಮಗು ಹೋಯ್ತಾ?"

ಕೇಳು ಹೊನ್ನಣ್ಣ, ನಿನಗೆ ಉತ್ತರ ಹೇಳಲು ದೇವರು ನನ್ನನ್ನು ಬೆಂಚಿನ ಮೇಲೆ ನಿನ್ನ ಪಕ್ಕಕ್ಕೇ ತಂದು ಕೂರಿಸಿದ್ದ. ಅಣ್ಣನ ಭಯವಿರಲಿಲ್ಲ. ಚಿಕ್ಕ ವಯಸ್ಸೂ ಅಲ್ಲ. ಬಾಯಿ ತೆರೆದೆ. ನನ್ನ ಬಸ್ಸು ಬಂತು. ಸಂಚಿ ಎತ್ತಿಕೊಂಡು, ನಿನ್ನ ಮುಖ ನೋಡದೆ —

"ಇರಬೌದು ಅಣ್ಣ," ಎಂದೆ.

ಬಸ್ಸಿನ ಕಿಟಕಿಯಿಂದ ನೋಡಿದೆ. ನೀನು ಆ ಕಾಗದವನ್ನು ಮೊದಲಿನ ಹಾಗೇ ಮಡಿಸುತ್ತಿದ್ದೆ. ಕೆಂಚಿಯ ವಿಷಯದಲ್ಲಿ ನಾನು ಮಾಡಿದ್ದು ದಡ್ಡತನ. ಗುಡಿಯಲ್ಲಿ ಸುಮ್ಮನಿದ್ದದ್ದು ಹೇಡಿತನ. ಬಸ್‌ಸ್ಟ್ಯಾಂಡಿನಲ್ಲಿ ಮಾಡಿದ್ದಕ್ಕೆ ನನಗೆ ಹೆಸರು ಸಿಕ್ಕಿಲ್ಲ. ನನ್ನ ಹೊರೆಯನ್ನು, ಮಗಳನ್ನು ಕಳೆದುಕೊಂಡ ಮನುಷ್ಯನ ತಲೆಗೆ ಕಟ್ಟಿ ಬಸ್ಸು ಹತ್ತಿದೆ.

ನಿನ್ನ ಸಾವಿನ ಸುದ್ದಿ ತಂದವರು ಹೇಳಿದರು, ಕೊನೆಯ ದಿನಗಳಲ್ಲೂ ಹೊನ್ನಪ್ಪ ಮಾತ್ರೆ ಮಾತ್ರೆ ಎನ್ನುತ್ತಿದ್ದ, ಔಷಧಿ ಕೇಳುತ್ತಿದ್ದಾನೆ ಎಂದುಕೊಂಡೆವು ಎಂದು. ಪುಟ್ಟಕ್ಕ ಬಾಗಿಲಲ್ಲೇ ಕೂತಿದ್ದಳಂತೆ, ಹತ್ತಿರ ಹೋಗಲಿಲ್ಲವಂತೆ.

ನಾಳೆ ಬೆಳಗ್ಗೆ ಕುಣಿಗಲ್‌ಗೆ ಹೋಗುತ್ತೇನೆ. ಅಣ್ಣನಿಗೆ ನಿನ್ನೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನು ಫೋನ್ ಇಟ್ಟುಬಿಟ್ಟ. ಪುಟ್ಟಕ್ಕನಿಗೆ ಇದರಿಂದ ಒಳ್ಳೆಯದಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಮಗಳೂ ಬರುವುದಿಲ್ಲ, ನೀನೂ ಬರುವುದಿಲ್ಲ. ತಪ್ಪಿಲ್ಲದ ಗಂಡನ ಜೊತೆ ಅಷ್ಟು ವರ್ಷ ಮಾತು ಬಿಟ್ಟೆ ಎಂಬುದೊಂದೇ ಅವಳಿಗೆ ಉಳಿಯುತ್ತದೆ. ಅದನ್ನೂ ನಾನೇ ಕೊಡಬೇಕು. ಹೇಳದೆ ಬಿಟ್ಟರೆ ನೀನು ಸುಳ್ಳಾಣೆಯವನಾಗಿಯೇ ಉಳಿಯುತ್ತೀಯ.

ಅವಳು ಒಳಗೆ ಕರೆಯುವ ಮುಂಚೆ, ನೀರು ಕೊಡುವ ಮುಂಚೆ, ಬಾಗಿಲಲ್ಲೇ ನಿಂತು ಹೇಳುತ್ತೇನೆ: ಪುಟ್ಟಕ್ಕ, ಹೊನ್ನಣ್ಣನ ಆಣೆ ನಿಜವಾಗಿತ್ತು. ಹೇಗೆ ಗೊತ್ತು ಎಂದು ಅವಳು ಕೇಳುತ್ತಾಳೆ.