ಅಕ್ಕ ಸೋತ ವಾದ

ನೆನೆದ ವಿಭೂತಿಯ ವಾಸನೆ ಎಲ್ಲಿ ಬಂದರೂ ನಂಜನಗೂಡಿನ ನಮ್ಮ ನಡುಮನೆ ಕಣ್ಣೆದುರು ಬರುತ್ತದೆ. ಪಾಠಶಾಲೆಯಲ್ಲಿ ತರ್ಕ ಕಲಿಸಿ ನಿವೃತ್ತರಾಗಿದ್ದ ತಾತ ಸಂಜೆಯ ಪೂಜೆ ಮುಗಿಸಿ, ಹಣೆಯ ಮೂರು ಗೆರೆ ಆರುವ ಮೊದಲೇ ಕಂಬಕ್ಕೆ ಒರಗಿ ಕೂರುತ್ತಿದ್ದರು. ಬೇರೆ ಮನೆಗಳಲ್ಲಿ ಮಕ್ಕಳು ಅತ್ತು ಕರೆದು ಬೇಕಾದ್ದನ್ನು ಪಡೆಯುತ್ತಿದ್ದರು. ನಮ್ಮಲ್ಲಿ ವಾದ ಮಾಡಿ ಪಡೆಯಬೇಕು. ಹೊಸ ಲಂಗವಾಗಲಿ, ಮುಡುಕುತೊರೆ ಬೆಟ್ಟಕ್ಕೆ ಹೋಗುವುದಾಗಲಿ, ಬೇಕೆಂದವರು ಕಾರಣ ಕೊಡಬೇಕು, ಬೇಡವೆನ್ನಲು ಇನ್ನೊಬ್ಬರು ಎದ್ದು ನಿಲ್ಲಬೇಕು. ಆ ಬೇಡದ ಮಾತಿಗೆ ತಾತ ಪೂರ್ವಪಕ್ಷ ಎನ್ನುತ್ತಿದ್ದರು. ಉದಾಹರಣೆ ಕೊಟ್ಟರೆ ಅದು ದೃಷ್ಟಾಂತ, ಕೊನೆಗೆ ಅವರು ಹೇಳಿದ್ದು ಸಿದ್ಧಾಂತ. ಸುಳ್ಳು ಹೇಳಿದವರು ಅಲ್ಲಿಗೇ ಸೋತಂತೆ. ನನಗಿಂತ ಆರು ವರ್ಷ ದೊಡ್ಡವಳಾದ ಗಿರಿಜಕ್ಕನ ಎದುರು ನಾನು ಒಮ್ಮೆಯೂ ಗೆದ್ದವಳಲ್ಲ. ಅವಳ ಮಾತಿಗೆ ತಾತ ತಲೆದೂಗಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ. ಅಕ್ಕ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ತಿ. ನರಸೀಪುರದಿಂದ ಒಂದು ಸಂಬಂಧ ಬಂತು. ಅವಳಿಗೋ ಮೈಸೂರಿನಲ್ಲಿ ಡಿಗ್ರಿ ಓದುವ ಆಸೆ. ತಾತನೆದುರು ಬಾಯಿ ಬಿಡದ ಅಪ್ಪ, ಮದುವೆಯ ಪರವಾಗಿ ಮಾತಾಡಲು ನನ್ನನ್ನೇ ಮುಂದೆ ತಳ್ಳಿದರು. ಅಕ್ಕ ಬಸ್ಸಿನ ಹೊತ್ತು, ಬಂದ ಮಾರ್ಕ್ಸು, ಜೊತೆಗೆ ಹೋಗುವ ಗೆಳತಿಯರು, ಎಲ್ಲವನ್ನೂ ಒಂದೊಂದಾಗಿ ಜೋಡಿಸಿಟ್ಟಳು. ಇನ್ನೇನು ಸೋತೆ ಎನ್ನುವಾಗ, ಹಿಂದಿನ ವಾರ ನನಗೆ ಜಡೆ ಹಾಕುತ್ತಾ ಅವಳು ಗುಟ್ಟಾಗಿ ಹೇಳಿದ್ದು ನೆನಪಾಯಿತು.

“ಅಷ್ಟು ದೊಡ್ಡ ಕಾಲೇಜು ನೆನೆಸ್ಕೊಂಡ್ರೆ ಭಯ ಆಯ್ತದೆ ಅಂತ ಅಕ್ಕನೇ ಹೇಳವ್ಳೆ ತಾತ,” ಎಂದೆ.

ತಾತ ಅವಳತ್ತ ತಿರುಗಿದರು. “ನಿಜಾನೇನವ್ವ?”

ಅಕ್ಕ ನನ್ನನ್ನು ನೋಡಿದಳು. “ಊಂ ತಾತ.”

“ಅವ್ಳ ಬಾಯಲ್ಲೇ ಬಂದ್ಮೇಲೆ ಬೇರೆ ಸಾಕ್ಷಿ ಯಾಕೆ?” ಎಂದು ತಾತ ಮದುವೆಗೆ ಒಪ್ಪಿಗೆ ಕೊಟ್ಟರು. ಅಪ್ಪ ನನ್ನ ತಲೆ ಸವರಿ, “ಶಭಾಷ್ ಕಣವ್ವ,” ಎಂದರು. ನಾನು ಹಿರಿಹಿರಿ ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಾತ ತೀರಿಕೊಂಡರು, ಆ ಮನೆಯೂ ಕೈಬಿಟ್ಟು ಹೋಯಿತು. ಮುಂದೆ ನಾನು ಅದೇ ಮೈಸೂರಿನಲ್ಲಿ ಓದಿದೆ. ನನ್ನ ಸರದಿ ಬಂದಾಗ ಬೇಡವೆನ್ನಲು ಯಾರೂ ಎದ್ದು ನಿಲ್ಲಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಕ್ಕನ ಮನೆಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ: “ಆವತ್ತು ನಿಂಗೆ ಉತ್ತರ ಹೊಳೀಲಿಲ್ವಾ ಅಕ್ಕ?”

ಅವಳು ತಲೆ ಎತ್ತಲಿಲ್ಲ. “ಹೊಳೆದಿತ್ತು ಕಣೇ. ಭಯ ಆಯ್ತದೆ ಅಂದಿದ್ದೆ, ಹೋಗಲ್ಲ ಅಂದಿರ್ಲಿಲ್ಲ. ಆದ್ರೆ ಅದನ್ನ ನಿನಗೊಬ್ಳಿಗೇ ಹೇಳಿದ್ದೆ ನೋಡು. ನಿನ್ ಬಾಯಲ್ಲಿ ಕೇಳ್ದಾಗ ನಂಗೆ ಮಾತೇ ಹೊರಡ್ಲಿಲ್ಲ.”

ಅಕ್ಕ ತನ್ನ ಪಾಲಿನ ಕಾಯಿ ಮುಗಿಸಿ, ನನ್ನ ಮುಂದಿದ್ದ ರಾಶಿಯಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು.