ಮುಂಡಪ್ಪ ಮಾಸ್ಟ್ರಿಗೆ ಬಹುಮಾನ ಬಂದ ಪಟ

ಮೂಡುಬಿದಿರೆಯ ಮುಂಡಪ್ಪ ಮಾಸ್ಟ್ರು ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಿವೃತ್ತಿ ಕೆಲಸಕ್ಕೆ ಮಾತ್ರ, ಬಾಯಿಗಲ್ಲ. ಅವರ ಕೈಗೆ ಸಿಕ್ಕಿದ ಮೈಕನ್ನು ಬಿಡಿಸಿಕೊಳ್ಳಲು ಇಬ್ಬರು ಗಟ್ಟಿ ಆಳು ಬೇಕು.

ಮೂವತ್ತು ವರ್ಷ ಅವರು ಊರೂರ ಶಾಲೆಗಳಲ್ಲಿ ಒಂದೇ ಹಳೇ ಅಮೆರಿಕದ ಕಾರ್ಟೂನು ತೋರಿಸಿದ್ದರು. ಇದ್ದಿಲು ಬಣ್ಣದ ಮೈ, ಊದಿದ ತುಟಿ, ಮೂಗಿಗೆ ಎಲುಬು ಚುಚ್ಚಿಕೊಂಡ ದ್ವೀಪದ ಜನ. ಅವರ ಕಡಾಯಿಯಿಂದ ತಪ್ಪಿಸಿಕೊಂಡು ಓಡುವ ಕತ್ತೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಮಾಸ್ಟ್ರು ಮಕ್ಕಳಿಗಿಂತ ಜೋರಾಗಿ. ಹೋದ ವರ್ಷ ಎಲ್ಲೋ ಓದಿ, ಅದು ಕಪ್ಪು ಜನರಿಗೆ ಮಾಡಿದ ಅವಮಾನವೆಂದು ಜ್ಞಾನೋದಯವಾಯಿತು. ಅಂದಿನಿಂದ ಅದೇ ಕಾರ್ಟೂನನ್ನು ಬೈಯುವುದಕ್ಕೆಂದು ತೋರಿಸತೊಡಗಿದರು. ಮಕ್ಕಳಿಗೆ ನಗು ತಪ್ಪಿತು, ಭಾಷಣ ಗಂಟುಬಿತ್ತು.

ಇದನ್ನು ಮೆಚ್ಚಿ ಬಂಟ್ವಾಳದ ಒಂದು ಸಂಘ ಅವರಿಗೆ ಸನ್ಮಾನ ಇಟ್ಟಿತು. ಅಭಿನಂದನೆಯ ಮಾತಿಗೆ ಸುಶೀಲಾ ಟೀಚರೇ ಬೇಕೆಂದು ಮಾಸ್ಟ್ರು ಹಟ ಹಿಡಿದರು. ಸುಶೀಲಾ ಊರಾಚೆ ಇರಿಸಲಾದ ಬುಡಕಟ್ಟಿನ ಜನ ಕೊರಗರ ಕಾಲೊನಿಯಿಂದ ಬಂದು ಅವರ ಕೈಯಲ್ಲಿ ಕಲಿತವಳು, ಈಗ ಬೆಳ್ತಂಗಡಿಯಲ್ಲಿ ಟೀಚರು. ಶಾಲು ಹೇಗೂ ಬರುತ್ತದೆ. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕೆಂಬುದೇ ಅವರ ನಿಜವಾದ ಆಸೆ.

ಸಭೆಯಲ್ಲಿ ಕಾರ್ಟೂನು ಮುಗಿಯುತ್ತಲೇ ಮಾಸ್ಟ್ರು ಗುಡುಗಿದರು: "ಆ ಜನರಲ್ಲಿ ಒಬ್ಬನಾದರೂ ಎದುರು ಕೂತಿದ್ರೆ ಹೀಗೆ ಬಿಡಿಸ್ಲಿಕ್ಕೆ ಕೈ ಬರ್ತಿತ್ತಾ?" ಚಪ್ಪಾಳೆಯೋ ಚಪ್ಪಾಳೆ.

ಬಳಿಕ ಹೆಂಡತಿ ಶಶಿಪ್ರಭಾ ಆಲ್ಬಮ್ಮಿನಿಂದ ಆರಿಸಿ ಕೊಟ್ಟಿದ್ದ ಪಟಗಳು ಪರದೆಯ ಮೇಲೆ ಬಂದವು. ಮದುವೆ, ಶಾಲೆ, ಆಮೇಲೆ ಒಂದು ನವರಾತ್ರಿ. ಮೈಗೆಲ್ಲ ಮಸಿ ಎಣ್ಣೆ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕುತ್ತಿಗೆಗೆ ಡೋಲು ತೂಗಿಸಿ, ನಾಲಿಗೆ ಚಾಚಿ ಕುಣಿಯುತ್ತಿರುವ ತರುಣ ಮುಂಡಪ್ಪ. ಕೊರಗರನ್ನು ಅಣಕಿಸಿ ಹಾಕುತ್ತಿದ್ದ ಕೊರಗ ವೇಷ. ಸಭೆ ಗೊಳ್ಳೆಂದು ನಕ್ಕಿತು.

"ಫಸ್ಟ್ ಪ್ರೈಜು ಮಾರಾಯ್ರೆ!" ಎಂದು ಮಾಸ್ಟ್ರೂ ನಕ್ಕರು. ಆಮೇಲೆ ಕಣ್ಣು ಮುಂದಿನ ಸಾಲಿಗೆ ಹೋಯಿತು. ಸುಶೀಲಾ ನಗುತ್ತಿರಲಿಲ್ಲ.

"ಇದೆಂತ ಹಾಕಿದ್ದು ನೀನು?" ಎಂದು ಮಾಸ್ಟ್ರು ಹೆಂಡತಿಯ ಕಡೆ ಬಗ್ಗಿ ಪಿಸುಗುಟ್ಟಿದರು.

"ಬಹುಮಾನ ಬಂದ ಪಟ ಅಲ್ವಾ, ಹಾಕದೆ ಇರ್ಲಿಕ್ಕೆ ಆಗ್ತದಾ?"

ಮಾಸ್ಟ್ರು ಮೈಕು ಹಿಡಿದು ತಡವರಿಸಿದರು: "ಅದು ಕಾರ್ಟೂನಿನ ಹಾಗಲ್ಲ. ಅದು ಸಂಪ್ರದಾಯ. ಈಗ ಯಾರೂ ಹಾಕುವ ಹಾಗಿಲ್ಲ, ಕಾನೂನು ಉಂಟು."

ಅಷ್ಟರಲ್ಲಿ ಅಭಿನಂದನೆಗೆ ಸುಶೀಲಾಳ ಹೆಸರು ಕರೆದರು. ಅವಳು ವೇದಿಕೆ ಹತ್ತಿ, ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳಿದಳು.

"ಚಿತ್ರ ಬಿಡಿಸ್ಲಿಕ್ಕೆ ಕಲಿಸಿದವರು ನೀವು ಸರ್, ಅದನ್ನು ಮರೆಯುವುದಿಲ್ಲ. ಆ ಪಟದಲ್ಲಿರುವ ಡೋಲು ನನ್ನ ಅಜ್ಜಂದು. ನೀವೇ ಬಂದು ಕೇಳಿ ತೆಗೊಂಡು ಹೋದ್ರಿ ಅಂತ ಅಜ್ಜ ಹೇಳ್ತಿದ್ರು. ಒಬ್ಬರಾದರೂ ಎದುರು ಇದ್ದಿದ್ರೆ ಅಂತ ಕೇಳಿದ್ರಲ್ಲ ಈಗ? ಅಜ್ಜ ಎದುರೇ ಇದ್ರು ಸರ್. ಡೋಲು ವಾಪಸ್ ತೆಗೊಂಡು ಹೋಗ್ಲಿಕ್ಕೆ ಚಪ್ಪರದ ಹೊರಗೆ ನಿಂತಿದ್ರು."

ಮಾಸ್ಟ್ರಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಸುಶೀಲಾ ಮೈಕನ್ನು ಅವರ ಮುಂದೆಯೇ ಇಟ್ಟು ಕೆಳಗಿಳಿದಳು. ಅವರು ಕೈ ಚಾಚಲಿಲ್ಲ.